ಸೋಮವಾರ ಹಾಜರಾಗಬೇಕಾದ ಇಬ್ಬರೂ ಒಬ್ಬಳೇ ಎಂಬ ಬಗ್ಗೆ

ಇಂದ,
೧. ಡಾ. ಕಾಲೀನ್ ಮೆರಿಗನ್, ಪಿಎಚ್.ಡಿ.
೨. ಶ್ರೀಮತಿ ಕಾಲೀನ್ ಬರನೋಸ್ಕಿ
(ಇಬ್ಬರ ವಿಳಾಸವೂ ಒಂದೇ: ಮೂರಂತಸ್ತಿನ ಮನೆಯ ನಡುವಿನ ಅಂತಸ್ತು, ವುಸ್ಟರ್, ಮ್ಯಾಸಚೂಸೆಟ್ಸ್)

ಗೆ,
ಶ್ರೀಮತಿ ಯೆಸೆನಿಯಾ ಕೊಲೋನ್ ಅವರು,
ನೇಮಕಾತಿ ಅಧಿಕಾರಿಗಳು,
ಬ್ರೂಕ್‌ವೇಲ್ ಬಯಾಲಜಿಕ್ಸ್, ವುಸ್ಟರ್.

ವಿಷಯ: ಮೇಲ್ಕಂಡ ಇಬ್ಬರು ಅರ್ಜಿದಾರರು ಒಬ್ಬಳೇ ಆಗಿರುವ ಕಾರಣ ಕ್ಷಮೆ ಕೋರಿ, ಸೋಮವಾರ ಯಾರು ಬರಬೇಕೆಂದು ಅಪ್ಪಣೆ ಬೇಡುವ ಬಗ್ಗೆ.

ಉಲ್ಲೇಖ: ೧. ಶ್ರೀಮತಿ ಬರನೋಸ್ಕಿಯವರಿಗೆ ಕೆಲಸ ಕೊಟ್ಟು ತಾವು ಬುಧವಾರ ಬೆಳಿಗ್ಗೆ ೧೦-೧೨ಕ್ಕೆ ಕಳಿಸಿದ ಇ-ಮೇಲ್.
೨. ಡಾ. ಮೆರಿಗನ್ ಅವರನ್ನು ಉಪನ್ಯಾಸಕ್ಕೆ ಕರೆದು ಅದೇ ದಿನ ೧೦-೪೦ಕ್ಕೆ ಕಳಿಸಿದ ಇ-ಮೇಲ್.
೩. ತಾವು ಫೋನಿನಲ್ಲಿ "ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆ" ಎಂದದ್ದು.

ಮಾನ್ಯರೇ,

ಸೋಮವಾರ ಬೆಳಿಗ್ಗೆ ಎಂಟೂವರೆಗೆ ತಮ್ಮಲ್ಲಿ ಜೀವಕೋಶ ಬೆಳೆಸುವ ಕೋಣೆಯ ತಂತ್ರಜ್ಞೆಯಾಗಿ ಕೆಲಸಕ್ಕೆ ಸೇರಬೇಕಾದ ಶ್ರೀಮತಿ ಬರನೋಸ್ಕಿಯವರೂ, ಅದೇ ದಿನ ಹತ್ತು ಗಂಟೆಗೆ ಹಿರಿಯ ವಿಜ್ಞಾನಿ ಹುದ್ದೆಗಾಗಿ ತಮ್ಮ ಸಭಾಂಗಣದಲ್ಲಿ ಉಪನ್ಯಾಸ ಕೊಡಬೇಕಾದ ಡಾ. ಮೆರಿಗನ್ ಅವರೂ ಬೇರೆ ಬೇರೆಯವರಲ್ಲ, ಒಬ್ಬಳೇ ಹೆಂಗಸು ಎಂದು ತಿಳಿಸಲು ಅರ್ಜಿದಾರಳು ವಿಷಾದಿಸುತ್ತಾಳೆ. ಇದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಇದ್ದದ್ದು ವಿಜ್ಞಾನದ ಉದ್ದೇಶ. ಅದರಿಂದ ಮೋಸಕ್ಕಿಂತ ಹೆಚ್ಚು ತೊಂದರೆಯಾಗಿದೆ. ಈ ಅರ್ಜಿಯ ಮೇಲೆ ಒಂದು ಕೆಲಸವೂ ಒಂದು ಮಂಡಿಯೂ ನಿಂತಿರುವುದರಿಂದ ನಡೆದದ್ದನ್ನು ನಡೆದಂತೆಯೇ ಕೆಳಗೆ ನಿವೇದಿಸಿಕೊಂಡಿದೆ.

೧. ಅರ್ಜಿದಾರಳಿಗೆ ಐವತ್ತೊಂದು ವರ್ಷ. ಹುಟ್ಟಿದ ಮನೆಯ ಹೆಸರು ಮೆರಿಗನ್. ಅವಳ ಸಂಶೋಧನಾ ಲೇಖನಗಳೆಲ್ಲ ಆ ಹೆಸರಿನಲ್ಲಿವೆ. ಮದುವೆಯಾದ ಮನೆಯ ಹೆಸರು ಬರನೋಸ್ಕಿ. ಡ್ರೈವಿಂಗ್ ಲೈಸೆನ್ಸು ಆ ಹೆಸರಿನಲ್ಲಿದೆ. ಎರಡೂ ಕಾನೂನಿಗೆ ಒಪ್ಪಿದ ಹೆಸರುಗಳೇ. ಹತ್ತೊಂಬತ್ತು ವರ್ಷ ಒಂದೇ ಕಂಪನಿಯಲ್ಲಿ ಇದ್ದಳು. (ಅದರ ಬಗ್ಗೆ ಕೆಟ್ಟದ್ದು ಹೇಳುವುದಿಲ್ಲವೆಂದು ಸಹಿ ಹಾಕಿರುವ ಕಾರಣ ಹೆಸರು ಬರೆದಿಲ್ಲ. ಒಳ್ಳೆಯದು ಹೇಳಬೇಕೆಂಬ ಷರತ್ತು ಇಲ್ಲದ ಕಾರಣ ಅದನ್ನೂ ಬರೆದಿಲ್ಲ.) ಮಾರ್ಚ್‌ನಲ್ಲಿ ಪುನರ್‌ರಚನೆಯಾಯಿತು. ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ, ಯಾರ ಕೆಳಗೆ ಯಾರು ಎಂಬ ಹೊಸ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದರು. ಅರ್ಜಿದಾರಳು ತನ್ನ ಚೌಕವನ್ನು ಹುಡುಕಿದಳು. ಅದು ಇದ್ದ ಜಾಗದಲ್ಲಿ ಬೇರೆ ಎರಡು ಚೌಕಗಳನ್ನು ಕೂಡಿಸುವ ಒಂದು ಗೆರೆ ಇತ್ತು. ಗೆರೆಗೆ ಸಂಬಳ ಇರುವುದಿಲ್ಲ.

೨. ಮನೆಯ ಆರೋಗ್ಯ ವಿಮೆ ಅರ್ಜಿದಾರಳ ಕೆಲಸದಿಂದಲೇ ಬರುತ್ತಿತ್ತು. ಅದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅವಳ ಗಂಡ ಕ್ಯಾಜ್ ಬರನೋಸ್ಕಿ ನೆಲಕ್ಕೆ ಟೈಲ್ಸ್ ಕೂರಿಸುವವನು. ಇಪ್ಪತ್ತಾರು ವರ್ಷ ಮೊಣಕಾಲೂರಿ ದುಡಿದವನು. ಅವನ ಬಲ ಮಂಡಿಯನ್ನು ಬದಲಿಸಲು ಮುಂದಿನ ತಿಂಗಳು ಹದಿನಾಲ್ಕಕ್ಕೆ ದಿನ ಗೊತ್ತಾಗಿದೆ. ಹೊಸ ವಿಮೆಯ ವಿವರವನ್ನು ಆಸ್ಪತ್ರೆಗೆ ನಾಳೆ, ಶುಕ್ರವಾರ, ಸಂಜೆ ಐದರೊಳಗೆ ತಿಳಿಸಬೇಕು. ಇಲ್ಲದಿದ್ದರೆ ಆ ದಿನ ಬೇರೆಯವರ ಮಂಡಿಗೆ ಹೋಗುತ್ತದೆ.

೩. ಮೊದಲ ಮೂರು ತಿಂಗಳಲ್ಲಿ ಅರ್ಜಿದಾರಳು ನಲವತ್ತೊಂದು ಕಡೆ ಬರೆದುಕೊಂಡಳು. ಒಂದು ಕಡೆಯಿಂದಲೂ ಉತ್ತರ ಬರಲಿಲ್ಲ. ಕೆಲಸ ಹೋದವರಿಗೆ ಬುದ್ಧಿ ಹೇಳಲೆಂದು ಹಳೆಯ ಕಂಪನಿ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿತ್ತು. ಅವರೊಡನೆ ನಡೆದ ಮಾತು ದಾಖಲೆಗಾಗಿ:

"ನಿಮ್ಮ ಬಯೋಡೇಟಾ ನೋಡಿದ್ರೆ ಜನ ಹೆದರ್ಕೋತಾರೆ ಕಾಲೀನ್. ಹದಿನಾಲ್ಕು ಪುಟ ಇದೆ. ಆ ಪಿಎಚ್.ಡಿ. ತೆಗೆದುಬಿಡಿ, ಫೋನ್ ಬರೋಕೆ ಶುರುವಾಗುತ್ತೆ."

"ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿ ಹೇಳ್ತಿದೀರಿ?"

"ಪರೀಕ್ಷೆ ಅಲ್ಲ, ಅನುಭವ."

"ತೆಗೀದೇ ಇದ್ದೋರನ್ನೂ ಪಕ್ಕದಲ್ಲಿಟ್ಟು ನೋಡಿದೀರಾ?"

ಸಲಹೆಗಾರರು ಗಡಿಯಾರ ನೋಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಪಿಎಚ್.ಡಿ. ತೆಗೆಯುತ್ತಿದ್ದರು, ಇಲ್ಲವೇ ಅಳುತ್ತಿದ್ದರು. ಅರ್ಜಿದಾರಳು ಮನೆಗೆ ಹೋಗಿ ಒಂದು ಹೊಸ ನೋಟುಬುಕ್ಕು ತೆಗೆದು ಮೊದಲ ಪುಟದಲ್ಲಿ "ಉದ್ದೇಶ" ಎಂದು ಬರೆದು ಅಡಿಗೆರೆ ಎಳೆದಳು. ಆಗಲೇ ಯಾರಾದರೂ ತಡೆಯಬೇಕಿತ್ತು.

೪. ಪ್ರಯೋಗ ಹೀಗಿತ್ತು. ಬಯೋಡೇಟಾ ಎರಡು. ಒಂದರಲ್ಲಿ ಡಾ. ಮೆರಿಗನ್, ಇದ್ದದ್ದೆಲ್ಲ ಇತ್ತು. ಇನ್ನೊಂದರಲ್ಲಿ ಶ್ರೀಮತಿ ಬರನೋಸ್ಕಿ, ಪಿಎಚ್.ಡಿ. ಇಲ್ಲ, ಲೇಖನಗಳಿಲ್ಲ, ಕೈಕೆಳಗೆ ಹನ್ನೊಂದು ಜನ ಇದ್ದದ್ದಿಲ್ಲ, ಒಂದು ಪುಟ. ಎರಡನೆಯದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ನಿಜ ಮಾತ್ರ ಸ್ವಲ್ಪ ಕಡಿಮೆ ಇತ್ತು. ಅರವತ್ತು ಹುದ್ದೆಗಳನ್ನು ಆರಿಸಿ, ಯಾವುದಕ್ಕೆ ಯಾರು ಅರ್ಜಿ ಹಾಕಬೇಕೆಂದು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು.

ನಾಣ್ಯ ಚಿಮ್ಮಿದವಳು ಅರ್ಜಿದಾರಳಲ್ಲ. ತನಗೇ ಗೊತ್ತಿದ್ದರೆ ತನ್ನ ಆಸೆ ಫಲಿತಾಂಶವನ್ನು ಕೆಡಿಸೀತೆಂಬ ಭಯದಿಂದ ಆ ಕೆಲಸವನ್ನು ಪ್ರಿಸಿಲ್ಲಾ ತಿಬೊಡೊ ಎಂಬ ಗೆಳತಿಗೆ ವಹಿಸಲಾಯಿತು. ಪ್ರಿಸಿಲ್ಲಾ ಅದೇ ಕಂಪನಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದವಳು, ಅದೇ ದಿನ ಕೆಲಸ ಕಳೆದುಕೊಂಡವಳು, ಕೆಳಗಿನ ಅಂತಸ್ತಿನಲ್ಲೇ ಇರುವವಳು. ಇಬ್ಬರ ಇ-ಮೇಲ್ ಪೆಟ್ಟಿಗೆಗಳನ್ನೂ ಅವಳೇ ತೆರೆಯಬೇಕು, ಅರ್ಜಿಗಳನ್ನು ಅವಳೇ ಕಳಿಸಬೇಕು, ಯಾವುದು ಎಲ್ಲಿಗೆ ಹೋಯಿತೆಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಬೇಕು, ಅರವತ್ತೂ ಮುಗಿಯುವವರೆಗೆ ಬಾಯಿ ಬಿಡಬಾರದು. ಔಷಧ ಪರೀಕ್ಷೆಯಲ್ಲಿ ರೋಗಿಗೆ ಮಾತ್ರೆಯೋ ಸಕ್ಕರೆಯೋ ತಿಳಿಯಬಾರದಲ್ಲ, ಅದೇ ಕ್ರಮ.

ಹೀಗಾಗಿ ಜೂನ್ ತಿಂಗಳಿಡೀ ಅರ್ಜಿದಾರಳು, ಫೋನು ಬಂದಾಗಲೆಲ್ಲ, ತಾನು ಪಿಎಚ್.ಡಿ. ಮಾಡಿದ್ದೇನೆಯೋ ಇಲ್ಲವೋ ತಿಳಿಯದೆ "ಹಲೋ" ಎನ್ನಬೇಕಾಯಿತು. ಕರೆಯುವವರು ಡಾಕ್ಟರೆಂದೋ ಶ್ರೀಮತಿಯೆಂದೋ ಕರೆದಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಆದರೆ ಎಲ್ಲರೂ "ಕಾಲೀನಾ?" ಎಂದೇ ಕೇಳಿದರು.

೫. ತಾವು ಮೊದಲ ಸಲ ಕರೆದದ್ದು ಒಂಬತ್ತನೆಯ ತಾರೀಕು. ತಮಗೆ ನೆನಪಿರಬಹುದು.

"ನಮ್ಮಲ್ಲಿ ಕೆಲಸ ಮಾಡೋಕೆ ಯಾಕೆ ಇಷ್ಟ?" ಎಂದು ತಾವು ಕೇಳಿದಿರಿ.

"ಜೀವಕೋಶಗಳ ಕೆಲಸ ನಂಗೆ ಇಷ್ಟ."

"ಈ ವಿಷಯದಲ್ಲಿ ಎಷ್ಟು ಅನುಭವ ಅಂತ ಹೇಳ್ತೀರಿ?"

"ನೀವು ಎಷ್ಟು ಅಂದ್ಕೊಂಡಿದ್ದೀರಿ?"

ತಾವು ನಕ್ಕಿರಿ. ವಿನಯವೆಂದು ತಿಳಿದಿರಿ. ಅದು ಹೆದರಿಕೆ. ಎರಡು ವಾರ ಬಿಟ್ಟು ತಾವು ಮತ್ತೆ ಕರೆದಾಗ ಅರ್ಜಿದಾರಳು ಅದನ್ನು ಅದೇ ಹುದ್ದೆಯ ಎರಡನೆಯ ಸುತ್ತು ಎಂದುಕೊಂಡಳು. ತಾವು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ಕೆಲಸ ಕೊಡುವವರು ಹಾಗೆ ಕೇಳುತ್ತಾರೆ. ತಾವು "ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆ" ಎಂದಾಗ "ವುಸ್ಟರ್‌ನೋರೆಲ್ಲ ಹೀಗೇ ಮಾತಾಡೋದು" ಎಂದಳು. ತಾವೂ ವುಸ್ಟರ್‌ನವರಾದ ಕಾರಣ ಒಪ್ಪಿಕೊಂಡಿರಿ. ಇದು ಉಲ್ಲೇಖ ೩ಕ್ಕೆ ಉತ್ತರ. ತಡವಾದದ್ದಕ್ಕೆ ಕ್ಷಮೆ ಇರಲಿ.

೬. ತಪ್ಪು ಎಲ್ಲಿ ಆಯಿತೆಂದರೆ, ನಾಣ್ಯವನ್ನು ಕಂಪನಿಗೊಂದರಂತೆ ಚಿಮ್ಮಬೇಕಿತ್ತು. ಹುದ್ದೆಗೊಂದರಂತೆ ಚಿಮ್ಮಲಾಯಿತು. ತಮ್ಮ ಕಂಪನಿ ಎರಡು ಹುದ್ದೆಗಳಿಗೆ ಜಾಹೀರಾತು ಕೊಟ್ಟಿತ್ತು: ಪಟ್ಟಿಯಲ್ಲಿ ಹದಿನೇಳನೆಯದು ಮತ್ತು ನಲವತ್ತನಾಲ್ಕನೆಯದು. ಹದಿನೇಳಕ್ಕೆ ಡಾ. ಮೆರಿಗನ್ ಬಿದ್ದರು, ನಲವತ್ತನಾಲ್ಕಕ್ಕೆ ಶ್ರೀಮತಿ ಬರನೋಸ್ಕಿ ಬಿದ್ದರು. ಮೊದಲ ವರ್ಷದ ವಿದ್ಯಾರ್ಥಿ ಈ ತಪ್ಪು ಮಾಡಿದ್ದರೆ ಅರ್ಜಿದಾರಳು ಕರೆದು ಕೂರಿಸಿ ಒಂದು ಗಂಟೆ ಬೈಯುತ್ತಿದ್ದಳು. ಬೈದೂ ಇದ್ದಾಳೆ.

೭. ಮುಖತಃ ಸಂದರ್ಶನಕ್ಕೆ ಹೋಗುವಾಗ ಮಾತ್ರ ಆ ಒಂದು ಹುದ್ದೆಯ ಗುಟ್ಟು ಹೇಳಬಹುದೆಂದು ನಿಯಮವಿತ್ತು. ತಮ್ಮಲ್ಲಿ ಸಂದರ್ಶನವಿದ್ದ ದಿನ ಬೆಳಿಗ್ಗೆ ಪ್ರಿಸಿಲ್ಲಾ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು: "ಇವತ್ತು ನೀನು ಬರನೋಸ್ಕಿ ಕಣೇ. ಬುದ್ಧಿವಂತಿಕೆ ಮನೇಲಿಟ್ಟು ಹೋಗು."

ತಮ್ಮ ಜೀವಕೋಶ ಕೋಣೆಯ ಮೇಲ್ವಿಚಾರಕಿ ಮ್ಯಾಡಿ ಲಶಾನ್ಸ್ ಅವರಿಗೆ ಇಪ್ಪತ್ತೊಂಬತ್ತು ವರ್ಷವಿರಬಹುದು. ಅವರು ಪ್ರಶ್ನೆ ಕೇಳಲಿಲ್ಲ. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, "ನೋಡಿ ಹೇಳಿ," ಎಂದರು. ಒಳಗೆ ಆರು ಪಾರದರ್ಶಕ ಫ್ಲಾಸ್ಕುಗಳಲ್ಲಿ ಕೋಶಗಳು ಬೆಳೆಯುತ್ತಿದ್ದವು. ಅರ್ಜಿದಾರಳು ಒಂದು ಫ್ಲಾಸ್ಕನ್ನು ಕೈಯಲ್ಲಿ ಹಿಡಿದು ಹನ್ನೊಂದು ವರ್ಷವಾಗಿತ್ತು; ಅಷ್ಟೂ ವರ್ಷ ಅವಳು ಹಿಡಿದದ್ದು ಸಭೆಗಳನ್ನು. ಒಂದೊಂದನ್ನೇ ಬೆಳಕಿಗೆ ಓರೆಮಾಡಿ ನೋಡಿದಳು.

"ಇದು ಕೆಟ್ಟಿದೆ," ಎಂದಳು. "ಪಕ್ಕದ್ದೂ ನಾಳೆ ಕೆಡುತ್ತೆ."

"ಪಕ್ಕದ್ದು ನಿನ್ನೆ ತಾನೇ ಹಾಕಿದ್ದು."

"ಯಾರು ಹಾಕಿದ್ದು?"

"ನಾನೇ," ಎಂದರು ಮ್ಯಾಡಿ. ಸಿಟ್ಟಾಗಲಿಲ್ಲ. ಫ್ಲಾಸ್ಕಿನ ಮೇಲೆ ಆ ದಿನದ ತಾರೀಕು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅರ್ಜಿದಾರಳಿಗೆ ಆ ಚಿಹ್ನೆ ಬಹಳ ಹಿಡಿಸಿತು.

ಆಮೇಲೆ ಮ್ಯಾಡಿ ಗೋಡೆಯ ಕಡೆ ಕೈ ತೋರಿಸಿದರು. ಕೋಶಗಳನ್ನು ಬೆಳೆಸುವ ವಿಧಾನದ ಒಂದು ಹಾಳೆಯನ್ನು ಅಲ್ಲಿ ಅಂಟಿಸಿತ್ತು. ಅಂಚೆಲ್ಲ ಕಾಫಿಯ ಕಲೆ. ಮೇಲೆ "ಮೆರಿಗನ್ ಮತ್ತು ಇತರರು" ಎಂದಿತ್ತು.

"ಇದರ ಪ್ರಕಾರಾನೇ ಮಾಡ್ತೀವಿ, ಮೂರನೇ ಹೆಜ್ಜೆ ಬಿಟ್ಟು. ಹಳೇ ದ್ರವ ಪೂರ್ತಿ ತೆಗೀಬೇಕು ಅಂತ ಬರ್ದಿದಾರೆ. ಪೂರ್ತಿ ತೆಗೆದ್ರೆ ಕೋಶಗಳು ಎರಡು ದಿನ ಮುನಿಸ್ಕೊಂಡು ಕೂರ್ತವೆ. ಮೂರರಲ್ಲೊಂದು ಪಾಲು ಬಿಡ್ಬೇಕು. ಅದ್ಯಾವ ಪುಣ್ಯಾತ್ಗಿತ್ತಿ ಬರ್ದಿದ್ದೋ, ಬರ್ದ್ಮೇಲೆ ಒಂದು ಸಲಾನೂ ತಾನೇ ಮಾಡಿ ನೋಡಿರಲ್ಲ."

ಅರ್ಜಿದಾರಳು ಹಾಳೆಯನ್ನು ಓದುವವಳಂತೆ ನಿಂತಳು. ಅದು ಅಚ್ಚಾಗಿ ಹನ್ನೆರಡು ವರ್ಷ. ಎಷ್ಟೋ ಲೇಖನಗಳು ಅದನ್ನು ಉಲ್ಲೇಖಿಸಿವೆ. ಅದರಿಂದಲೇ ಅವಳಿಗೆ ಬಡ್ತಿ ಸಿಕ್ಕಿತು, ಬಡ್ತಿಯಿಂದಲೇ ಕೈಗೆ ಫ್ಲಾಸ್ಕು ಸಿಗುವುದು ನಿಂತಿತು. ಪುಣ್ಯಾತ್ಗಿತ್ತಿ ಬರೆದ ಮೇಲೆ ಒಂದು ಸಲವೂ ಮಾಡಿ ನೋಡಿರಲಿಲ್ಲ ಎಂಬುದು ಅಕ್ಷರಶಃ ನಿಜ.

"ಹೌದು, ತಪ್ಪಿದೆ," ಎಂದಳು.

"ನಿಮಗೂ ಹಾಗೇ ಅನ್ಸುತ್ತಾ? ಸದ್ಯ. ನಾನೊಬ್ಳೇ ಹುಚ್ಚಿ ಅಂದ್ಕೊಂಡಿದ್ದೆ."

ಅರ್ಜಿದಾರಳು ಮನೆಗೆ ಬರುವಷ್ಟರಲ್ಲಿ ಈ ಕೆಲಸ ಸಿಗದಿದ್ದರೆ ಸಹಿಸಲಾರೆನೆಂಬ ಸ್ಥಿತಿಯಲ್ಲಿದ್ದಳು. ಪ್ರಯೋಗ ಮಾಡುವವರಿಗೆ ಇದು ತಕ್ಕುದಲ್ಲ. ಎರಡು ದಿನದ ಮೇಲೆ ಮ್ಯಾಡಿಯವರಿಂದ ಒಂದೇ ಸಾಲಿನ ಸಂದೇಶ ಬಂತು: "ಪಕ್ಕದ್ದೂ ಹೋಯ್ತು."

೮. ನಿನ್ನೆ, ಬುಧವಾರ, ಮಧ್ಯಾಹ್ನ ಕ್ಯಾಜ್ ಒಲೆಯ ಮುಂದೆ ಒಂಟಿಕಾಲಿನ ಮೇಲೆ ನಿಂತು ಪಿಯರೋಗಿ ಎಂಬ ಪೋಲಿಷ್ ಕಡುಬು ಹುರಿಯುತ್ತಿದ್ದ. ಪ್ರಿಸಿಲ್ಲಾ ಬಾಗಿಲು ತಟ್ಟದೆ ಒಳಬಂದು ಲಕೋಟೆಯನ್ನೂ ತಮ್ಮ ಎರಡು ಇ-ಮೇಲ್‌ಗಳ ಹಾಳೆಗಳನ್ನೂ ಮೇಜಿನ ಮೇಲಿಟ್ಟಳು.

"ಪ್ರಯೋಗ ಮುಗೀತು. ಬರನೋಸ್ಕಿಗೆ ಇಪ್ಪತ್ತೊಂಬತ್ತರಲ್ಲಿ ಒಂಬತ್ತು ಉತ್ತರ. ಮೆರಿಗನ್‌ಗೆ ಮೂವತ್ತೊಂದರಲ್ಲಿ ಎರಡು. ಆ ಸಲಹೆಗಾರ ಹೇಳಿದ್ದೇ ಸರಿ. ಇನ್ನೊಂದು ವಿಷಯ, ನೀನು ಕೂತ್ಕೊಂಡು ಕೇಳು."

ಕ್ಯಾಜ್ ಎರಡೂ ಹಾಳೆಗಳನ್ನು ಓದಿದ. ಎರಡರಲ್ಲೂ ಸೋಮವಾರ ಎಂದಿತ್ತು.

"ನಿಂಗೆ ಮೊದಲೇ ಗೊತ್ತಿತ್ತಾ ಪ್ರಿಸಿಲ್ಲಾ? ಇಬ್ರೂ ಒಂದೇ ಕಡೆ ಹೋಗ್ತಿದಾರೆ ಅಂತ?"

"ಒಂಬತ್ತನೇ ತಾರೀಕಿಂದ ಗೊತ್ತು."

"ಮತ್ತೆ ಹೇಳೋಕೇನಾಗಿತ್ತು?"

"ಪ್ರಾಣಾಪಾಯ ಇದ್ರೆ ಮಾತ್ರ ಲಕೋಟೆ ಒಡೀಬೇಕು ಅಂತ ಇವಳೇ ಬರೆದಿದ್ದು. ನೋಟುಬುಕ್ಕಿನ ನಾಲ್ಕನೇ ಪುಟ. ಸಹಿ ಇದೆ."

"ಓದಿದೋರ ಸಹವಾಸ," ಎಂದು ಕ್ಯಾಜ್ ಪಿಯರೋಗಿ ತಿರುವಿದ. ಅವನೇ ದಾರಿಯನ್ನೂ ಹೇಳಿದ: "ಇದರಲ್ಲೇನಿದೆ? ಮೆರಿಗನ್‌ಗೆ ಜ್ವರ ಅಂತ ಒಂದು ಸಾಲು ಬರೆದ್ಹಾಕು. ಬರನೋಸ್ಕಿ ಹೋಗಿ ಕೆಲಸಕ್ಕೆ ಸೇರ್ಲಿ. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಪತ್ರದ ಪ್ರಕಾರ ವಿಮೆ ಸೇರಿದ ದಿನದಿಂದಲೇ ಸಿಗುತ್ತದೆ. ಒಂದು ಸಾಲು ಬರೆದರೆ ಕೆಲಸವೂ ಉಳಿಯುತ್ತಿತ್ತು, ಮಂಡಿಯೂ ಉಳಿಯುತ್ತಿತ್ತು. ಅರ್ಜಿದಾರಳು ಆ ಸಾಲನ್ನು ಬರೆದಳು ಕೂಡ. ಅದು ಚೆನ್ನಾಗಿಯೇ ಇತ್ತು. ಕಳಿಸುವ ಮೊದಲು, ಅಭ್ಯಾಸಬಲದಿಂದ, ಬಂದ ಪತ್ರಗಳನ್ನೆಲ್ಲ ಮತ್ತೊಮ್ಮೆ ಓದಿದಳು. ಬರನೋಸ್ಕಿಯವರ ಪೆಟ್ಟಿಗೆಯಲ್ಲಿ ಮ್ಯಾಡಿಯವರದೊಂದು ಪತ್ರ ಇತ್ತು:

"ಸೋಮವಾರ ಹತ್ತಕ್ಕೆ ಆ ಮೆರಿಗನ್ ಬರ್ತಿದಾರೆ. ಕರೆಸಿ ಅಂತ ಹಟ ಹಿಡಿದಿದ್ದು ನಾನೇ. ಎಲ್ಲರೆದುರು ಮೂರನೇ ಹೆಜ್ಜೆ ಬಗ್ಗೆ ಕೇಳ್ತೀನಿ. ಒಬ್ಳೇ ಕೇಳೋಕೆ ಅಳುಕು, ನೀವು ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನಿಮಗೂ ಗೊತ್ತಲ್ಲ ಅದು ತಪ್ಪು ಅಂತ."

೯. ಡಾ. ಮೆರಿಗನ್ ಅವರಿಗೆ ಜ್ವರ ಬಂದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಶ್ರೀಮತಿ ಬರನೋಸ್ಕಿ ನಿವೃತ್ತಿಯವರೆಗೆ ಪ್ರತಿದಿನ ಆ ಹುಡುಗಿಯ ಪಕ್ಕದಲ್ಲಿ ನಿಂತು, ಆ ಹಾಳೆಯ ಮುಂದೆ, ಉತ್ತರ ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೆಲಸ ಮಾಡಬೇಕಾಗುತ್ತದೆ. ಅರ್ಜಿದಾರಳು ಇದನ್ನು ಗಂಡನಿಗೆ ವಿವರಿಸಿದಳು. ಕೋಶ, ದ್ರವ, ಮೂರನೇ ಹೆಜ್ಜೆ ಎಲ್ಲವನ್ನೂ ವಿವರಿಸಿದ್ದರಿಂದ ಬಹಳ ಹೊತ್ತಾಯಿತು.

ಕ್ಯಾಜ್ ಕೇಳಿದ: "ಅಂದ್ರೆ ನೀನು ಕೂರಿಸಿದ ಟೈಲ್ ಒಂದು ಸೊಟ್ಟಗಿದೆ, ಆ ಹುಡುಗಿ ಕಂಡುಹಿಡಿದಿದಾಳೆ."

"ಹೂಂ."

"ನಂಗೂ ಒಂದ್ಸಲ ಹಾಗಾಗಿತ್ತು. ಚರ್ಚ್ ಹಾಲ್‌ನಲ್ಲಿ. ಆ ಪಾದ್ರಿ ಸಿಕ್ಕಿದ್ರೆ ಈಗ್ಲೂ ಆಚೆ ಫುಟ್‌ಪಾತಿಗೆ ಹೋಗ್ತೀನಿ." ಅವನು ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕೂತ. ಕೂರಲು ಅವನಿಗೆ ಈಗ ಎರಡು ಕೈಯೂ ಬೇಕು. "ಬರಿ. ಇದ್ದದ್ದು ಇದ್ದ ಹಾಗೆ ಬರಿ. ಮಂಡಿ ನಂದು, ಇಷ್ಟು ವರ್ಷ ಸವೆದಿದೆ, ಇನ್ನೊಂದಿಷ್ಟು ದಿನ ಸವೆಯುತ್ತೆ."

"ಸವೆಯೋಕೆ ಇನ್ನೇನೂ ಉಳಿದಿಲ್ಲ ಅಂತ ಡಾಕ್ಟರ್ ಹೇಳಿದಾರಲ್ಲ."

"ಯಾವ ಡಾಕ್ಟರ್? ಈ ಮನೇಲಿ ಯಾರು ಡಾಕ್ಟರ್, ಯಾರು ಅಲ್ಲ ಅನ್ನೋದೇ ನಂಗೆ ಗೊತ್ತಾಗ್ತಿಲ್ಲ," ಎಂದ ಅವನು.

೧೦. ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಅರ್ಜಿದಾರಳು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ:

(ಅ) ಇಬ್ಬರಲ್ಲಿ ಒಬ್ಬರ ಅರ್ಜಿಯನ್ನು ರದ್ದು ಮಾಡಲೇಬೇಕಾದರೆ, ಯಾರದನ್ನು ಮಾಡುವುದೆಂದು ತಾವೇ ನಿರ್ಧರಿಸಬೇಕು. ನಾಣ್ಯ ಚಿಮ್ಮಬಾರದು.

(ಆ) ಇಬ್ಬರದನ್ನೂ ರದ್ದು ಮಾಡುವುದಾದರೂ ಸೋಮವಾರ ಹತ್ತು ಗಂಟೆಗೆ ಐದು ನಿಮಿಷದ ಅವಕಾಶ ಕೊಡಬೇಕು. ಮ್ಯಾಡಿ ಲಶಾನ್ಸ್ ಅವರು ಎಲ್ಲರೆದುರು ಪ್ರಶ್ನೆ ಕೇಳಲಿ. ಅವರು ಹೇಳುವುದು ಸರಿಯೆಂದು ಎಲ್ಲರೆದುರು ಹೇಳಿ ಅರ್ಜಿದಾರಳು ಹೊರಡುತ್ತಾಳೆ. ಈ ಪತ್ರದ ವಿಷಯವನ್ನು ಅವರಿಗೆ ತಾವೇ ಮೊದಲು ತಿಳಿಸಿದರೆ ಉಪಕಾರ. ಅವರು ಸಿಟ್ಟಾದರೆ ಅದು ನ್ಯಾಯ.

(ಇ) ಅರ್ಜಿದಾರಳ ಇಷ್ಟವೇನೆಂದು ಯಾರೂ ಕೇಳಿಲ್ಲ. ಕೇಳಿದ್ದರೆ, ಆ ಇನ್‌ಕ್ಯುಬೇಟರಿಗೆ ಹತ್ತಿರವಾಗಿರುವ ಯಾವ ಹುದ್ದೆಯಾದರೂ ಸರಿ, ಯಾವ ಹೆಸರಿನಲ್ಲಾದರೂ ಸರಿ ಎನ್ನುತ್ತಿದ್ದಳು. ಹಾಳೆಯ ಮೂರನೇ ಹೆಜ್ಜೆಯನ್ನು ಪೆನ್ನಿನಲ್ಲಿ ತಿದ್ದುವ ಹಕ್ಕು ಮಾತ್ರ ಮ್ಯಾಡಿಯವರದೇ ಆಗಿರಬೇಕು.

(ಈ) ಉತ್ತರ ಏನೇ ಇರಲಿ, ನಾಳೆ ಸಂಜೆ ಐದರೊಳಗೆ ತಿಳಿಸಬೇಕು. ಇಲ್ಲ ಎನ್ನುವುದಾದರೆ ಇಬ್ಬರಿಗೂ ಒಂದೇ ಪತ್ರ ಸಾಕು.

ಒಂದೇ ಕೈಯಲ್ಲಿ ಎರಡು ಸಹಿ ಹಾಕಿರುವ,
ತಮ್ಮ ವಿಶ್ವಾಸಿ (ಒಬ್ಬಳೇ),

ಕಾಲೀನ್ ಮೆರಿಗನ್
ಕಾಲೀನ್ ಬರನೋಸ್ಕಿ

ಗುರುವಾರ, ವುಸ್ಟರ್

ಲಗತ್ತುಗಳು:
೧. ಮದುವೆಯ ಪ್ರಮಾಣಪತ್ರದ ನಕಲು. ಇಬ್ಬರೂ ಒಬ್ಬಳೇ ಎಂಬುದಕ್ಕೆ.
೨. ಪ್ರಿಸಿಲ್ಲಾ ತಿಬೊಡೊ ಅವರ ಲಕೋಟೆ, ಪಟ್ಟಿ ಸಹಿತ. (ಎಣ್ಣೆಯ ಕಲೆ ಪಿಯರೋಗಿಯದು.)
೩. ಉಪನ್ಯಾಸ ಕೇಳುವ ಸಿಬ್ಬಂದಿ ಅಭ್ಯರ್ಥಿಯ ಬಗ್ಗೆ ತುಂಬಿಕೊಡಬೇಕೆಂದು ತಾವು ಶ್ರೀಮತಿ ಬರನೋಸ್ಕಿಯವರಿಗೆ ಕಳಿಸಿದ್ದ ಅಭಿಪ್ರಾಯ ಪತ್ರ, ಮುಂಚಿತವಾಗಿ ತುಂಬಿದ್ದು. ವಿಷಯಜ್ಞಾನ: ಇದೆ, ಮೂರನೇ ಹೆಜ್ಜೆ ಬಿಟ್ಟು. ಮಾತು: ಉದ್ದ. ಇವರ ಜೊತೆ ಕೆಲಸ ಮಾಡಬಲ್ಲಿರಾ: ಇಷ್ಟು ವರ್ಷ ಮಾಡಿದ್ದೇನೆ, ಸುಲಭವಲ್ಲ.

ವಿಶೇಷ ಸೂಚನೆ: ಉತ್ತರ ಬಾರದಿದ್ದರೂ ಅರ್ಜಿದಾರಳು ಸೋಮವಾರ ಎಂಟೂಕಾಲಿಗೆ ತಮ್ಮ ಗೇಟಿಗೆ ಬರುತ್ತಾಳೆ. ಅಲ್ಲಿನ ಕಾವಲುಗಾರರ ಬಳಿ ತಾವು ಯಾವ ಹೆಸರು ಬಿಟ್ಟಿದ್ದರೂ ಆ ಹೆಸರಿಗೆ ಓಗೊಡುತ್ತಾಳೆ. ಎರಡೂ ಇಲ್ಲದಿದ್ದರೆ ವಾದ ಮಾಡುವುದಿಲ್ಲ. ಆದರೆ ಕ್ಯಾಜ್ ಅವಳನ್ನು ಇಳಿಸಿ ವ್ಯಾನಿನಲ್ಲಿ ಕೆಲಸಕ್ಕೆ ಹೋಗುವವನಾದ್ದರಿಂದ, ಮತ್ತೆ ಈ ಕಡೆ ಬರುವುದು ಸಂಜೆ ನಾಲ್ಕಕ್ಕಾದ್ದರಿಂದ, ಅಲ್ಲಿಯವರೆಗೆ ಗೇಟಿನ ಪಕ್ಕದ ಬೆಂಚಿನ ಮೇಲೆ ಕುಳಿತಿರಲು ಅನುಮತಿ ನೀಡಬೇಕಾಗಿ ವಿನಂತಿ.